ರೋಗಿಯೇ ರೋಗಿಗೆ ಆಸರೆಯಾದಾಗ: ಕ್ಲಿಫರ್ಡ್ ಬಿಯರ್ಸ್ ಬದುಕು

ಮಾನಸಿಕ ಚಿಕಿತ್ಸೆಯ ಇತಿಹಾಸದಲ್ಲಿ ವೈದ್ಯರ ಹೆಸರುಗಳೇ ಹೆಚ್ಚು. ಆ ಇತಿಹಾಸದಲ್ಲಿ ರೋಗಿಯಾಗಿಯೇ ಸ್ಥಾನ ಪಡೆದವರು ವಿರಳ. ಅಮೆರಿಕದ ಕ್ಲಿಫರ್ಡ್ ವಿಟಿಂಗ್‌ಹ್ಯಾಮ್ ಬಿಯರ್ಸ್ ಅಂಥ ವಿರಳರಲ್ಲಿ ಪ್ರಮುಖರು. ಮೂರು ಆಸ್ಪತ್ರೆಗಳಲ್ಲಿ ಕಳೆದ ಮೂರು ವರ್ಷಗಳ ಯಾತನೆಯನ್ನು ಅವರು ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಅದನ್ನೇ ಬಂಡವಾಳವಾಗಿಸಿಕೊಂಡು ಇತರ ರೋಗಿಗಳ ಪರವಾಗಿ ನಿಂತರು.

ಅವರ ಬದುಕು ದೂರದ ದೇಶದ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಿಂದ ಬೆಂಗಳೂರಿನ ನಿಮ್ಹಾನ್ಸ್ ದೂರ. ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಿಂದಂತೂ ಜಿಲ್ಲಾ ಕೇಂದ್ರ ತಲುಪುವುದೇ ಒಂದು ಪ್ರಯಾಣ. ಮನಸ್ಸು ಹತೋಟಿ ತಪ್ಪಿದವರನ್ನು, ಜೀವ ಬೇಡವೆಂದು ಅಪಾಯಕ್ಕೆ ಕೈಹಾಕಿದವರನ್ನು ಮನೆಯವರು ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಕರೆತರಬೇಕು. ಅಲ್ಲಿ ಮೊದಲು ಎದುರಾಗುವವರು ಮನೋವೈದ್ಯರಲ್ಲ. ಸರದಿಯಲ್ಲಿರುವ ವೈದ್ಯರು, ದಾದಿಯರು, ಆಯಾಗಳು. ಆ ಮೊದಲ ಗಂಟೆಗಳಲ್ಲಿ ರೋಗಿಗೆ ಸಿಗುವ ನಡವಳಿಕೆ ಆತನನ್ನು ಉಳಿಸಲೂಬಹುದು, ಇನ್ನಷ್ಟು ಕುಗ್ಗಿಸಲೂಬಹುದು. ಬಿಯರ್ಸ್ ಜೀವನಪೂರ್ತಿ ಹೇಳಿದ್ದು ಈ ಮಾತನ್ನೇ.

ಭಯವೇ ಬೆನ್ನುಹತ್ತಿದ ಯೌವನ

ಬಿಯರ್ಸ್ ಹುಟ್ಟಿದ್ದು 1876ರ ಮಾರ್ಚ್ 30ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಯೇಲ್ ವಿಶ್ವವಿದ್ಯಾಲಯಕ್ಕೆ ಸೇರುವ ಮುನ್ನ, 1894ರಲ್ಲಿ, ಅವರ ಅಣ್ಣನೊಬ್ಬನಿಗೆ ಮೂರ್ಛೆರೋಗ ಕಾಣಿಸಿಕೊಂಡಿತು. ಅದೇ ರೋಗ ತಮಗೂ ಬಂದೇ ಬರುತ್ತದೆ ಎಂಬ ಭಯ ಬಿಯರ್ಸ್ ಅವರನ್ನು ಹೊಕ್ಕಿತು. ತರಗತಿಯಲ್ಲಿ ಎದ್ದುನಿಂತು ಮಾತನಾಡುವುದೂ ಕಷ್ಟವಾಯಿತು. ಆದರೂ 1897ರಲ್ಲಿ ಪದವಿ ಪಡೆದು, ನ್ಯೂಯಾರ್ಕ್‌ನಲ್ಲಿ ಕೆಲಸಕ್ಕೆ ಸೇರಿದರು. ಒಳಗಿನ ಭಯವನ್ನು ಆರು ವರ್ಷ ಯಾರಿಗೂ ಹೇಳಲಿಲ್ಲ.

1900ರ ಜೂನ್ 23ರಂದು ಆ ಭಯ ಮಿತಿಮೀರಿತು. ತಂದೆ–ತಾಯಿಯ ಮನೆಯಲ್ಲೇ ಅವರು ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ಕಾಲಿನ ಮೂಳೆಗಳು ಮುರಿದವು, ಜೀವ ಉಳಿಯಿತು. ವಿಚಿತ್ರವೆಂದರೆ, ಮೂರ್ಛೆರೋಗದ ಭಯ ಆ ಕ್ಷಣದಲ್ಲೇ ಮಾಯವಾಯಿತು. ಅದರ ಜಾಗದಲ್ಲಿ ಬೇರೊಂದು ಭ್ರಮೆ ಬೇರೂರಿತು.

ಊರಿನ ಆಸ್ಪತ್ರೆಗೆ ಸೇರಿಸಿದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ಕಿಟಕಿಯ ಸರಳುಗಳು. ಆತ್ಮಹತ್ಯೆಗೆ ಯತ್ನಿಸಿದ ಅಪರಾಧಕ್ಕೆ ತಮ್ಮನ್ನು ಸೆರೆಯಲ್ಲಿಟ್ಟಿದ್ದಾರೆ ಎಂದು ಅವರು ನಂಬಿದರು. ಊದಿದ ಪಾದಗಳಿಗೆ ಹಾಕುತ್ತಿದ್ದ ಬಿಸಿ ಪಟ್ಟು ಅವರ ಪಾಲಿಗೆ ಪೊಲೀಸರು ಬಾಯಿ ಬಿಡಿಸಲು ಕೊಡುವ ಹಿಂಸೆಯಾಗಿತ್ತು. ಊಟದಲ್ಲಿ ವಿಷವಿರಬಹುದೆಂಬ ಸಂಶಯ ಬೇರೆ. ನೋಡಲು ಬರುವ ಬಂಧುಗಳೆಲ್ಲ ವೇಷ ಹಾಕಿದ ಪತ್ತೇದಾರರಂತೆ ಕಂಡರು. ಒಂದು ಮಾತು ಆಡಿದರೂ ಅದು ಮನೆಯವರ ವಿರುದ್ಧ ಸಾಕ್ಷ್ಯವಾಗುತ್ತದೆ ಎಂದು ಹೆದರಿ ಅವರು ಮೌನ ತಾಳಿದರು. ಹೊರಗಿನವರಿಗೆ ಅದು ಹಟವಾಗಿ ಕಂಡಿತು. ಬಿಯರ್ಸ್ ಪಾಲಿಗೆ ಆ ಮೌನವೇ ಮನೆಯವರನ್ನು ಕಾಯುವ ದಾರಿಯಾಗಿತ್ತು.

ಬಾಗಿಲು ತೆರೆದ ಸಹರೋಗಿ

ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೆಲವು ಕಾಲ ಇದ್ದು, 1901ರಲ್ಲಿ ಅವರು ಹಾರ್ಟ್‌ಫರ್ಡ್‌ನ ಮಾನಸಿಕ ಆಸ್ಪತ್ರೆಗೆ ಬಂದರು. ಮಾತು ಬಹುತೇಕ ನಿಂತಿತ್ತು. ಅಣ್ಣ ಜಾರ್ಜ್ ಬಂದು ಹೋಗುತ್ತಿದ್ದರೂ ಆತ ನಿಜವಾದ ಅಣ್ಣನಲ್ಲ ಎಂಬ ನಂಬಿಕೆ ಸಡಿಲಲಿಲ್ಲ. ಈ ಗಂಟನ್ನು ಬಿಡಿಸಿದ್ದು ಔಷಧವಲ್ಲ, ವೈದ್ಯರ ವಾದವೂ ಅಲ್ಲ. ಹೊರಗೆ ಓಡಾಡಲು ಅನುಮತಿಯಿದ್ದ ಸಹರೋಗಿಯೊಬ್ಬರೊಂದಿಗೆ ಬಿಯರ್ಸ್ ಅವರಿಗೆ ನಿಧಾನವಾಗಿ ವಿಶ್ವಾಸ ಬೆಳೆದಿತ್ತು. ಆ ಗೆಳೆಯ ಊರಿನ ವಿಳಾಸ ಪುಸ್ತಕ ನೋಡಿ, ಅಣ್ಣನ ಹೆಸರು ಹಳೆಯ ವಿಳಾಸದಲ್ಲೇ ಇದೆ ಎಂಬುದನ್ನು ತಿಳಿದುಕೊಂಡು ಬಂದ. ಅಣ್ಣ ಸೆರೆಮನೆಯಲ್ಲಿಲ್ಲ, ಮನೆ ಹಾಳಾಗಿಲ್ಲ ಎಂಬ ಸಾಧ್ಯತೆ ಮೊದಲ ಬಾರಿಗೆ ಮನಸ್ಸಿಗೆ ಬಂದಿತು.

ಬಿಯರ್ಸ್ ಒಂದು ಪರೀಕ್ಷೆ ಹೂಡಿದರು. ಆ ವಿಳಾಸಕ್ಕೆ ಕಾಗದ ಬರೆದು, ಮುಂದಿನ ಸಲ ಬರುವಾಗ ಅದೇ ಕಾಗದವನ್ನು ರಹದಾರಿಯಂತೆ ತರಬೇಕೆಂದು ಕೇಳಿಕೊಂಡರು. ಇಪ್ಪತ್ತಾರು ತಿಂಗಳಲ್ಲಿ ಅವರು ಬರೆದ ಮೊದಲ ಪತ್ರ ಅದು. 1902ರ ಆಗಸ್ಟ್ 30ರಂದು ಜಾರ್ಜ್ ಬಂದರು. ಕೈಯಲ್ಲಿ ಆ ಕಾಗದವಿತ್ತು. ಎರಡು ವರ್ಷ ಅಲುಗದೆ ನಿಂತಿದ್ದ ಭ್ರಮೆ ಕೆಲವೇ ನಿಮಿಷಗಳಲ್ಲಿ ಕುಸಿಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವೈದ್ಯರನ್ನು, ಪರಿಚಾರಕರನ್ನು, ರಕ್ತಸಂಬಂಧಿಗಳನ್ನೂ ನಂಬದಿದ್ದ ಮನಸ್ಸು ಸಹರೋಗಿಯನ್ನು ನಂಬಿತು. ಆತನಿಗೂ ಅದೇ ಗೋಡೆ, ಅದೇ ಊಟ, ಅದೇ ಕಾವಲು. ಆತನಿಂದ ತಮಗೆ ಕೇಡಿಲ್ಲ ಎಂಬ ಭಾವ ಹುಟ್ಟಲು ಬೇರೆ ಕಾರಣ ಬೇಕಿರಲಿಲ್ಲ.

ಹಿಂಸೆಯ ದಿನಗಳು

ಭ್ರಮೆ ಕಳೆದರೂ ಕಾಯಿಲೆ ಮುಗಿಯಲಿಲ್ಲ. ಖಿನ್ನತೆಯ ಜಾಗಕ್ಕೆ ಉನ್ಮಾದ ಬಂದಿತು. ಬಿಯರ್ಸ್ ಎಡೆಬಿಡದೆ ಮಾತನಾಡಿದರು, ಎಡೆಬಿಡದೆ ಬರೆದರು, ಆಸ್ಪತ್ರೆಯ ಸಿಬ್ಬಂದಿಯೊಂದಿಗೆ ಜಗಳವಾಡಿದರು. ಅದಕ್ಕೆ ಸಿಕ್ಕ ಉತ್ತರ, ಎರಡೂ ತೋಳುಗಳನ್ನು ಮೈಗೆ ಬಿಗಿದು ಕಟ್ಟುವ ದಪ್ಪ ಬಟ್ಟೆಯ ಅಂಗಿ. ಸತತ 21 ರಾತ್ರಿ ಅವರನ್ನು ಆ ಅಂಗಿಯಲ್ಲಿ ಕಟ್ಟಿಡಲಾಯಿತು. 1902ರ ಕೊನೆಯ ಭಾಗದಲ್ಲಿ ಮಿಡಲ್‌ಟೌನ್‌ನ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಿದ ಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಪರಿಚಾರಕರ ಹೊಡೆತ ಬಿದ್ದಿತು. ಚಳಿಯ ಕಿರುಕೋಣೆಯಲ್ಲಿ ದಿನಗಳು ಕಳೆದವು.

ಆ ವಾರ್ಡ್‌ನಲ್ಲಿ ಬಿಯರ್ಸ್ ಸುತ್ತಲಿನವರನ್ನು ನೋಡುತ್ತಿದ್ದರು. ಹಿಂಸೆಗೆ ಒಳಗಾಗುತ್ತಿದ್ದವರಲ್ಲಿ ಹೆಚ್ಚಿನವರು ದೂರು ಹೇಳಲಾರದವರು, ಹೇಳಿದರೂ ನಂಬಿಕೆ ಗಳಿಸಲಾರದವರು. ತಮಗೆ ಶಿಕ್ಷಣವಿದೆ, ಬರೆಯುವ ಶಕ್ತಿಯಿದೆ, ಕೇಳುವ ಕುಟುಂಬವಿದೆ. ಇವರಿಗೆ ಅದೂ ಇಲ್ಲ ಎಂಬ ಅರಿವು ಅಲ್ಲಿ ಮೂಡಿತು. 1903ರಲ್ಲಿ ಆಸ್ಪತ್ರೆಯ ಒಳಗಿನಿಂದಲೇ ರಾಜ್ಯದ ಗವರ್ನರ್ ಅವರಿಗೆ ಪತ್ರ ಬರೆದು ಸ್ಥಿತಿಯನ್ನು ತಿಳಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗಿ, ಮತ್ತೆ ನ್ಯೂಯಾರ್ಕ್‌ನಲ್ಲಿ ಉದ್ಯೋಗಕ್ಕೆ ಹೋದರು.

1905ರ ಆರಂಭದಲ್ಲಿ ಉನ್ಮಾದದ ಲಕ್ಷಣಗಳು ಮರುಕಳಿಸಿದವು. ಈ ಬಾರಿ ಅವರನ್ನು ಯಾರೂ ಎಳೆದೊಯ್ಯಲಿಲ್ಲ. ಹಿಂದೆ ಹಿಂಸೆ ಅನುಭವಿಸಿದ್ದ ಹಾರ್ಟ್‌ಫರ್ಡ್ ಆಸ್ಪತ್ರೆಗೇ ಸ್ವಇಚ್ಛೆಯಿಂದ ಹೋಗಿ ಸೇರಿಕೊಂಡರು. ಸುಮಾರು ಒಂದು ತಿಂಗಳಲ್ಲಿ ಸುಧಾರಿಸಿಕೊಂಡು ಹೊರಬಂದರು. ಆಸ್ಪತ್ರೆಯ ದೋಷಗಳ ವಿರುದ್ಧ ಹೋರಾಡಬೇಕು, ಆದರೆ ಆಸ್ಪತ್ರೆಯನ್ನು ದೂರವಿಡಬಾರದು ಎಂಬ ಅವರ ನಿಲುವಿಗೆ ಆ ತಿಂಗಳೇ ಸಾಕ್ಷಿ.

ಪುಸ್ತಕದಿಂದ ಚಳವಳಿಗೆ

1908ರ ಮಾರ್ಚ್‌ನಲ್ಲಿ ಬಿಯರ್ಸ್ ಅವರ ಆತ್ಮಕಥೆ ಎ ಮೈಂಡ್ ದಟ್ ಫೌಂಡ್ ಇಟ್‌ಸೆಲ್ಫ್ ಪ್ರಕಟವಾಯಿತು. ತನ್ನನ್ನು ತಾನೇ ಮರಳಿ ಕಂಡುಕೊಂಡ ಮನಸ್ಸು ಎಂಬುದು ಹೆಸರಿನ ತಾತ್ಪರ್ಯ. ಹಿಂಸಿಸಿದ ಆಸ್ಪತ್ರೆಗಳ ಹೆಸರನ್ನು ಅವರು ಬರೆಯಲಿಲ್ಲ. ಉದ್ದೇಶ ಸೇಡಲ್ಲ, ಸುಧಾರಣೆ. ಹಸ್ತಪ್ರತಿಯನ್ನು ಮೊದಲೇ ಓದಿದ್ದ ಪ್ರಸಿದ್ಧ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಬೆಂಬಲಕ್ಕೆ ನಿಂತರು. ಹುಚ್ಚನ ಮಾತು ಎಂದು ಪಕ್ಕಕ್ಕೆ ಸರಿಸಬಹುದಾಗಿದ್ದ ಪುಸ್ತಕಕ್ಕೆ ವಿದ್ವಾಂಸರ ವಲಯದಲ್ಲಿ ಸ್ಥಾನ ಸಿಕ್ಕಿತು.

ಬಿಯರ್ಸ್ ಅಲ್ಲಿಗೆ ನಿಲ್ಲಲಿಲ್ಲ. 1908ರ ಮೇ ತಿಂಗಳಲ್ಲಿ ಕನೆಕ್ಟಿಕಟ್ ರಾಜ್ಯಕ್ಕೆ, 1909ರ ಫೆಬ್ರುವರಿ 19ರಂದು ಇಡೀ ದೇಶಕ್ಕೆ ಮಾನಸಿಕ ಆರೋಗ್ಯ ಸಮಿತಿಗಳನ್ನು ಕಟ್ಟಿದರು. ಮನೋವೈದ್ಯ ಅಡಾಲ್ಫ್ ಮೇಯರ್ ಈ ಕಾರ್ಯಕ್ಕೆ ಮೆಂಟಲ್ ಹೈಜೀನ್ ಎಂಬ ಹೆಸರನ್ನು ಸೂಚಿಸಿದರು. 1913ರಲ್ಲಿ ನ್ಯೂ ಹೇವನ್‌ನಲ್ಲಿ ಹೊರರೋಗಿ ಚಿಕಿತ್ಸಾಲಯ ಆರಂಭವಾಯಿತು. ಬಿಕ್ಕಟ್ಟು ಬೆಳೆದು ಆಸ್ಪತ್ರೆ ಸೇರುವ ಮುನ್ನವೇ ನೆರವು ಸಿಗಬೇಕು ಎಂಬುದು ಅದರ ಆಶಯ. ಡಾ. ಥಾಮಸ್ ಸಾಲ್ಮನ್ ನೇತೃತ್ವದಲ್ಲಿ ರಾಷ್ಟ್ರೀಯ ಸಮಿತಿ ವಿವಿಧ ರಾಜ್ಯಗಳ ಮಾನಸಿಕ ಆಸ್ಪತ್ರೆಗಳ ಸಮೀಕ್ಷೆ ನಡೆಸಿತು. 1930ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು.

ಇಷ್ಟೆಲ್ಲ ಯಶಸ್ಸಿನ ನಡುವೆ ಒಂದು ಕೊರತೆ ಉಳಿಯಿತು. ಸಮಿತಿ ಬೆಳೆದಂತೆ ಅದರ ಹೊಣೆ ಮನೋವೈದ್ಯರ ಕೈಗೆ ಹೋಯಿತು. ಆಸ್ಪತ್ರೆಯೊಳಗಿನ ರೋಗಿಗಳ ಸ್ಥಿತಿಗಿಂತ ರೋಗ ತಡೆಯುವ ವಿಷಯವೇ ಮುಂದೆ ಬಂದಿತು. ರೋಗಿಯೊಬ್ಬರು ಹುಟ್ಟುಹಾಕಿದ ಚಳವಳಿಯಲ್ಲಿ ಇತರ ರೋಗಿಗಳಿಗೆ ಸಿಕ್ಕ ಸ್ಥಾನ ಅತ್ಯಲ್ಪ. ಪರಿಣತರ ಬೆಂಬಲವಿಲ್ಲದೆ ಬಿಯರ್ಸ್ ಅವರ ದನಿ ದೂರ ತಲುಪುತ್ತಿರಲಿಲ್ಲ ಎಂಬುದು ಸತ್ಯ. ಆ ಬೆಂಬಲದ ಬೆಲೆಯಾಗಿ ಉಳಿದವರ ದನಿ ಹಿಂದೆ ಸರಿಯಿತು ಎಂಬುದೂ ಸತ್ಯವೇ.

1939ರಲ್ಲಿ ಕಾಯಿಲೆ ಮತ್ತೆ ಆವರಿಸಿತು. ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆಗೆ ಸೇರಿದ ಬಿಯರ್ಸ್ 1943ರ ಜುಲೈ 9ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಇದನ್ನು ಸೋಲೆಂದು ಬಗೆಯುವುದು ಸರಿಯಲ್ಲ. ಸಕ್ಕರೆ ಕಾಯಿಲೆ ಮರುಕಳಿಸಿದರೆ ಯಾರೂ ಆ ವ್ಯಕ್ತಿಯ ಜೀವಮಾನದ ಕೆಲಸವನ್ನು ಅಲ್ಲಗಳೆಯುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅವರು ನಡೆಸಿದ ಸಾರ್ವಜನಿಕ ಬದುಕು, ಚೇತರಿಕೆಯೆಂದರೆ ರೋಗದ ಸಂಪೂರ್ಣ ನಾಶವಲ್ಲ, ರೋಗದ ಜೊತೆಗೂ ಅರ್ಥಪೂರ್ಣವಾಗಿ ಬಾಳುವುದು ಎಂಬುದನ್ನು ತೋರಿಸಿತು. ಅವರ ನಿಧನದ ಹತ್ತು ವರ್ಷಗಳ ನಂತರ, 1953ರಲ್ಲಿ, ಮಾನಸಿಕ ಆಸ್ಪತ್ರೆಗಳಿಂದ ಸಂಗ್ರಹಿಸಿದ ಸರಪಳಿ, ಬೇಡಿಗಳನ್ನು ಕರಗಿಸಿ ಅಮೆರಿಕದಲ್ಲಿ ಗಂಟೆಯೊಂದನ್ನು ಎರಕ ಹೊಯ್ಯಲಾಯಿತು.

ಭಾರತದ ದಾರಿ

ಸರಪಳಿಯ ಕಥೆ ಭಾರತದಲ್ಲಿ ಅಷ್ಟು ಬೇಗ ಮುಗಿಯಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಲಾಗಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು. ದೇಶವೇ ತಲೆತಗ್ಗಿಸಿದ ದುರಂತ ಅದು. ಕರ್ನಾಟಕದಲ್ಲಿ 1847ರ ಕಾಲದ ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ತಜ್ಞರು ತುಮಕೂರು ಜಿಲ್ಲೆಯದೇ ಆದ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಿನ ಬಳಿಯೇ ಚಿಕಿತ್ಸೆ ನೀಡುವ ಕಾರ್ಯಕ್ರಮವನ್ನು ಹಲವು ವರ್ಷ ನಡೆಸಿದರು.

2017ರ ಮಾನಸಿಕ ಆರೋಗ್ಯ ಕಾಯ್ದೆ ಬಿಯರ್ಸ್ ಅನುಭವಿಸಿದ ಹಲವು ಸಂಕಟಗಳಿಗೆ ನೇರ ಉತ್ತರದಂತಿದೆ. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಅದು ನಿಷೇಧಿಸಿದೆ. ತುರ್ತು ಸಂದರ್ಭದಲ್ಲಿ, ಮನೋವೈದ್ಯರಿಲ್ಲದ ಕಡೆಯೂ, ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ಅಗತ್ಯ ಚಿಕಿತ್ಸೆ ನೀಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಇದು ಮುಖ್ಯ ಅವಕಾಶ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದೂ ಕಾಯ್ದೆ ಹೇಳುತ್ತದೆ. ಆ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಂ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಪೊಲೀಸರಿಗಾಗಿ ನಡುಗುವ ಸ್ಥಿತಿ ಇನ್ನು ಯಾರಿಗೂ ಬರಬೇಕಾಗಿಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆಯ ಅನುಭವವುಳ್ಳವರ ಪ್ರತಿನಿಧಿಗಳಿಗೂ ಸ್ಥಾನವಿದೆ.

ಬಿಯರ್ಸ್ ಅವರ ಚಳವಳಿ ಅರ್ಧಕ್ಕೆ ಬಿಟ್ಟ ಕೆಲಸವೂ ಮುಂದುವರಿದಿದೆ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲಿ, ಚೇತರಿಸಿಕೊಂಡವರು ತರಬೇತಿ ಪಡೆದು ಇತರ ರೋಗಿಗಳಿಗೆ ನೀಡುವ ನೆರವಿಗೆ ಸರ್ಕಾರಿ ವೈದ್ಯಕೀಯ ನೆರವು ಯೋಜನೆಯಿಂದಲೇ ಹಣ ಪಾವತಿಸುವ ವ್ಯವಸ್ಥೆ ತಂದಿತು. ಭಾರತದಲ್ಲಿ ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳು 2014ರ ನಂತರ ಇಂಥ ಸಹರೋಗಿ ಬೆಂಬಲದ ಪ್ರಯೋಗ ನಡೆಸಿದವು.

ಇಂಥವರು ವೈದ್ಯರ ಜಾಗದಲ್ಲಿ ಕೂರುವುದಿಲ್ಲ. ಔಷಧ ಬರೆಯುವುದು, ರೋಗ ಗುರುತಿಸುವುದು ಅವರ ಕೆಲಸವಲ್ಲ. ಸ್ವಂತ ಅನುಭವವೊಂದೇ ಅರ್ಹತೆಯೂ ಅಲ್ಲ. ತರಬೇತಿ, ಮೇಲ್ವಿಚಾರಣೆ, ದಣಿದಾಗ ವಿಶ್ರಾಂತಿ ಎಲ್ಲವೂ ಬೇಕು. ಇತರರ ಸಂಕಟ ಕೇಳುತ್ತಾ ಹಳೆಯ ಗಾಯ ಕೆದಕಿದಂತಾಗುವ ಅಪಾಯ ಅವರಿಗಿದೆ. ಆದರೆ ಮಾತು ಬಿಟ್ಟು ಗೋಡೆಗೆ ಮುಖ ಮಾಡಿ ಕುಳಿತ ರೋಗಿಯ ಪಕ್ಕದಲ್ಲಿ ಕೂತು, ಈ ದಾರಿಯಲ್ಲಿ ತಾನೂ ನಡೆದು ಬಂದಿದ್ದೇನೆ ಎಂದು ಹೇಳುವ ಶಕ್ತಿ ಅವರಿಗಷ್ಟೇ ಇದೆ.

ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಈ ಮಾದರಿ ದುಬಾರಿಯಾದುದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಕಾಯಿಲೆಯಿಂದ ಚೇತರಿಸಿಕೊಂಡು ಹೊಲ, ಅಂಗಡಿ, ಶಾಲೆಗಳಲ್ಲಿ ಎಂದಿನಂತೆ ದುಡಿಯುವವರು ಇದ್ದೇ ಇರುತ್ತಾರೆ. ಊರವರ ಮಾತಿಗೆ ಅಂಜಿ ಬಾಯಿ ಬಿಡುವುದಿಲ್ಲ, ಅಷ್ಟೆ. ಆ ಅಂಜಿಕೆ ಕಳೆದು ಅವರಲ್ಲಿ ಕೆಲವರಾದರೂ ಸ್ವಇಚ್ಛೆಯಿಂದ ಮುಂದೆ ಬಂದರೆ, ಆಸ್ಪತ್ರೆ ಅವರಿಗೆ ತರಬೇತಿ ನೀಡಿ ಒಂದು ಕುರ್ಚಿ ಹಾಕಿಕೊಟ್ಟರೆ, ಬೆಂಗಳೂರಿನ ಬಸ್ಸು ಹತ್ತುವ ಮೊದಲೇ ಹಲವು ಕುಟುಂಬಗಳಿಗೆ ಧೈರ್ಯ ಸಿಗುತ್ತದೆ. ಅಲ್ಲಿಯವರೆಗೂ ಸಂಕಷ್ಟದಲ್ಲಿರುವವರಿಗೆ ಫೋನಿನ ದಾರಿಯೊಂದು ತೆರೆದಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.