ಅಂಕಿಗಳ ಹಾರ ಪೋಣಿಸಿದ ಮಹಾವೀರಾಚಾರ್ಯರು

ಕಾಳಿಘಾಟ್‌ನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆರ್ಯಭಟ, ಭಾಸ್ಕರಾಚಾರ್ಯರ ಹೆಸರು ಶಾಲೆಯಿಂದಲೇ ಪರಿಚಿತ. ಕನ್ನಡ ನಾಡಿನ ಮಹಾವೀರಾಚಾರ್ಯರ ಹೆಸರನ್ನು ಮಾತ್ರ ನಾವೇ ಮನೆಯಲ್ಲಿ ಹೇಳಿಕೊಡಬೇಕಾಗಿದೆ.

ಒಂಬತ್ತನೆಯ ಶತಮಾನದ ಈ ಜೈನ ಗಣಿತಜ್ಞರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದರು. ಕನ್ನಡಕ್ಕೆ 'ಕವಿರಾಜಮಾರ್ಗ'ವನ್ನು ಕೊಟ್ಟ ಆಸ್ಥಾನವೂ ಅದೇ. ಸುಮಾರು ಕ್ರಿ.ಶ. ೮೫೦ರಲ್ಲಿ ಅವರು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಖಗೋಳಶಾಸ್ತ್ರದ ಅಂಗವಾಗಿರದೆ ಗಣಿತಕ್ಕೇ ಮೀಸಲಾದ ಗ್ರಂಥ. ಬ್ಯಾಂಕಿನಲ್ಲಿ ದುಡಿಯುವ ನಮ್ಮನ್ನು ಮೊದಲು ಸೆಳೆದದ್ದು ಅದರ ಬಡ್ಡಿ ಲೆಕ್ಕಗಳೇ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ದೊಡ್ಡ ಸಂಖ್ಯೆಗಳ ಮೇಲೆ ಆಚಾರ್ಯರಿಗೆ ವಿಶೇಷ ಮಮತೆ. ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳಿಗೆ ಅವರು ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ ಒಂದರ ಮುಂದೆ ೨೩ ಸೊನ್ನೆಗಳು. ಗುಣಾಕಾರದಿಂದ ಅಂದವಾದ ಸಂಖ್ಯೆಗಳನ್ನು ಹೊರಡಿಸಿ, ಅವನ್ನು ರಾಜರ ಕಂಠಾಭರಣಕ್ಕೆ ಹೋಲಿಸಿದರು. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು ಬರುತ್ತದೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ದೊರೆಯುವುದು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆ 'ವಿಕಟಕವಿ' ಎಂಬ ಪದದಂತೆ ಹಿಂದುಮುಂದಾಗಿ ಓದಿದರೂ ಒಂದೇ. ಹನ್ನೊಂದು ಅಂಕಿಗಳ ಇದು ಆಚಾರ್ಯರ ಪಟ್ಟಿಯಲ್ಲಿ 'ಅರ್ಬುದ' ಸ್ಥಾನವನ್ನು ಮುಟ್ಟುತ್ತದೆ. ನಮ್ಮ ಲೆಕ್ಕದಲ್ಲಿ ೧೨೩೪ ಕೋಟಿ ೫೬ ಲಕ್ಷ ೫೪ ಸಾವಿರದ ೩೨೧. ಬೆಸ ಸಂಖ್ಯೆ, ಅದಕ್ಕೂ ಮಿಗಿಲಾಗಿ ೧೧೧೧೧೧ರ ವರ್ಗ. ೩, ೭, ೧೧, ೧೩, ೩೭ ಎಂಬ ಅವಿಭಾಜ್ಯ ಸಂಖ್ಯೆಗಳು ಎರಡೆರಡು ಬಾರಿ ಸೇರಿ ಇದಾಗಿದೆ. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ೨೪೩. ಕ್ಯಾಲ್ಕುಲೇಟರ್ ಬದಿಗಿಟ್ಟು ಮಕ್ಕಳೊಡನೆ ಕಾಗದದ ಮೇಲೆ ಒಮ್ಮೆ ಗುಣಿಸಿ ನೋಡಿ.

ಸಮಾರಂಭಗಳ ಭಾಷಣಗಳಲ್ಲಿ ಪೂರ್ವಿಕರಿಗೆ ತಪ್ಪೇ ಇರುವುದಿಲ್ಲ. ನಮಗೆ ಅದು ಸರಿಯೆನಿಸದು. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಆಚಾರ್ಯರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದೂ ಬರೆದರು. ಇದು ತಪ್ಪು. ಮನೆಯ ಮಗು ಈ ತಪ್ಪನ್ನು ಗುರುತಿಸಿದರೆ ಗದರಿಸಬಾರದು. ಆಚಾರ್ಯರನ್ನು ನಿಜವಾಗಿ ಓದಿದ ಮಗು ಅದು.

ಅವರ ಕೃತಿ ದಕ್ಷಿಣದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು.

ಆಮೇಲೆ ಆಚಾರ್ಯರು ನಮ್ಮ ಕೋಲ್ಕತ್ತಕ್ಕೂ ಬಂದರೆನ್ನಬಹುದು. ಇಲ್ಲಿನ ಗಣಿತ ಸಂಘವು ೧೯೦೮ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಕಾರಣಪುರುಷರಾದ ಅಶುತೋಷ್ ಮುಖರ್ಜಿಯವರ ಮನೆ ಕಾಳಿಘಾಟ್‌ನ ನೆರೆಯ ಭವಾನಿಪುರದಲ್ಲಿತ್ತು. ಆ ಸಂಘದ ಪತ್ರಿಕೆಯಲ್ಲಿಯೇ ೧೯೨೦ರ ದಶಕದ ಕೊನೆಯಲ್ಲಿ ವಿಭೂತಿಭೂಷಣ ದತ್ತರು, ಮಹಾವೀರಾಚಾರ್ಯರು ತ್ರಿಭುಜ ಮತ್ತು ಚತುರ್ಭುಜಗಳನ್ನು ಬಿಡಿಸಿದ ಬಗೆಯನ್ನು ಕುರಿತು ಲೇಖನ ಬರೆದರು. ಕನ್ನಡ ನಾಡಿನ ಗಣಿತಜ್ಞರನ್ನು ವಿದ್ವಜ್ಜನರಿಗೆ ಪರಿಚಯಿಸಿದವರಲ್ಲಿ ಹೀಗೆ ಒಬ್ಬ ಬಂಗಾಳಿಯೂ ಇದ್ದಾರೆ.