ಜಾರ್ಜ್ ಓಮ್: ತಂತಿಯ ಲೆಕ್ಕ ಹಾಕಿದ ಶಾಲಾ ಮಾಸ್ತರರು

ಮಾರ್ಚ್ 16 ಜಾರ್ಜ್ ಸೈಮನ್ ಓಮ್ ಅವರ ಜನ್ಮದಿನ. ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳಿಗೆ ಈ ಹೆಸರು ವಿಜ್ಞಾನ ಪುಸ್ತಕದ ಒಂದು ನಿಯಮವಾಗಿ ಗೊತ್ತು. ಮನೆಯ ಹಿರಿಯರಿಗೆ ಹೆಸರು ಗೊತ್ತಿರಲಿಕ್ಕಿಲ್ಲ, ಬಾವಿಯ ಮೋಟರು ಯಾಕೆ ಸುಡುತ್ತದೆ ಎಂಬ ಚಿಂತೆ ಮಾತ್ರ ಚೆನ್ನಾಗಿ ಗೊತ್ತು. ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕವಾದ್ದರಿಂದ ಈ ಸಲ ಓಮ್ ಅವರ ಬದುಕನ್ನು ಹೇಳುತ್ತಿದ್ದೇವೆ.

ಅವರು ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗೆನ್ ಊರಲ್ಲಿ. ತಂದೆ ಬೀಗ ಮಾಡುವ ಕಸುಬಿನವರು. ತಾವೇ ಓದಿ ಕಲಿತು ಇಬ್ಬರು ಗಂಡುಮಕ್ಕಳಿಗೂ ಗಣಿತ ಹೇಳಿಕೊಟ್ಟರು. ವಿಶ್ವವಿದ್ಯಾಲಯ ಸೇರಿದ ಜಾರ್ಜ್ ಕುಣಿತ, ಬಿಲಿಯರ್ಡ್ಸ್, ಮಂಜುಗಡ್ಡೆಯ ಮೇಲಿನ ಜಾರಾಟ ಎಂದು ಕಾಲ ಕಳೆದಾಗ ಸಿಟ್ಟಾಗಿ ಓದು ಬಿಡಿಸಿದರು. ಮಗ ಸ್ವಿಟ್ಜರ್‌ಲೆಂಡಿನಲ್ಲಿ ಮಾಸ್ತರಿಕೆ ಮಾಡುತ್ತಲೇ ಸ್ವಂತವಾಗಿ ಗಣಿತ ಓದಿಕೊಂಡು 1811ರಲ್ಲಿ ಡಾಕ್ಟರೇಟ್ ಪಡೆದರು. ಅಪ್ಪನ ಸಿಟ್ಟಿನಿಂದ ಒಳ್ಳೆಯದೇ ಆಯಿತೆನ್ನಬೇಕು.

1817ರಿಂದ ಕಲೋನ್ ನಗರದ ಶಾಲೆಯೊಂದರಲ್ಲಿ ಪಾಠ, ಉಳಿದ ಹೊತ್ತಿನಲ್ಲಿ ಪ್ರಯೋಗ. ಆಗಿನ ಬ್ಯಾಟರಿಗಳ ಬಲ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಸಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟು ಅಲುಗಾಡದ ಬಲ ಪಡೆದರು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಸೇರಿಸಿ, ತೂಗುಹಾಕಿದ ಕಾಂತಸೂಜಿಯಿಂದ ಕರೆಂಟು ಅಳೆದರು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ಕರೆಂಟು ಕಡಿಮೆ ಎಂಬುದು ಅಂಕಿಗಳಲ್ಲಿ ಸಿಕ್ಕಿತು.

ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯ ರೋಧ 46 ಓಮ್. ಎರಡನ್ನೂ ಗುಣಿಸಿದರೆ ಅದರ ಸಾಮರ್ಥ್ಯ, 1150 ವ್ಯಾಟ್. ಈ ಎರಡನೆಯ ಲೆಕ್ಕ ಓಮ್ ಅವರದಲ್ಲ; ತಂತಿಯ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆಂದು ತೋರಿಸಿದವರು ಇಂಗ್ಲೆಂಡಿನ ಜೇಮ್ಸ್ ಜೂಲ್.

ಇನ್ನು ಹೊಲದ ಮಾತು. ಮೀಟರಿನಿಂದ ಬಾವಿಗೆ ಹೋಗಿಬರುವ ತಂತಿಯ ರೋಧ 2 ಓಮ್, ಮೋಟರಿನ ಕರೆಂಟು 10 ಆಂಪಿಯರ್ ಎಂದಿಟ್ಟುಕೊಳ್ಳಿ. ತಂತಿಯ ಮೇಲೇ 20 ವೋಲ್ಟ್ ಬೀಳುತ್ತದೆ, 200 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ದಪ್ಪ ತಂತಿಗೆ ಕೊಟ್ಟ ದುಡ್ಡು ದಂಡವಲ್ಲ ಎಂದು ನಾವು ಹೇಳುವುದು ಇದಕ್ಕೇ. ಮೋಟರಂತೂ ಇಸ್ತ್ರಿಪೆಟ್ಟಿಗೆಯ ಹಾಗಲ್ಲ: ವೋಲ್ಟೇಜ್ ಇಳಿದಾಗ ಅಷ್ಟೇ ನೀರೆತ್ತಲು ಹೆಚ್ಚು ಕರೆಂಟು ಎಳೆಯುತ್ತದೆ. 8 ಆಂಪಿಯರಿನ ಜಾಗದಲ್ಲಿ 10 ಎಳೆದರೆ ಸುರುಳಿಯ ಬಿಸಿ ಒಂದೂವರೆ ಪಟ್ಟಿಗಿಂತ ಹೆಚ್ಚು. ವೈಂಡಿಂಗ್ ಸುಡುವುದು ಹೀಗೆ.

1827ರಲ್ಲಿ ಓಮ್ ತಮ್ಮ ಪುಸ್ತಕವನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದಾಗ ಜರ್ಮನಿಯ ಪಂಡಿತರು ಹೆಚ್ಚಾಗಿ ಅದನ್ನು ತಳ್ಳಿಹಾಕಿದರು. ವಿದ್ಯುತ್ತಿಗೆ ಇಷ್ಟೊಂದು ಗಣಿತ ಅವರಿಗೆ ರುಚಿಸಲಿಲ್ಲ. ಬಯಸಿದ ಪ್ರಾಧ್ಯಾಪಕ ಹುದ್ದೆ ಸಿಗದೆ, ಕಲೋನ್ ಕೆಲಸವನ್ನೂ ಬಿಟ್ಟು, ಕೆಲವು ವರ್ಷ ಬರ್ಲಿನ್‌ನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಪಾಠ ಹೇಳಿ ದಿನ ದೂಡಿದರು. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಕೆಲಸ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದದ್ದು 1852ರಲ್ಲಿ. 1854ರ ಜುಲೈ 6ರಂದು ತೀರಿಕೊಂಡರು.

1881ರಲ್ಲಿ ಪ್ಯಾರಿಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ರೋಧದ ಮಾನಕ್ಕೆ ಅವರ ಹೆಸರನ್ನು ಒಪ್ಪಿತು. ಮೋಟರ್ ರಿಪೇರಿಯವರ ಮಲ್ಟಿಮೀಟರಿನಲ್ಲಿ ಕುದುರೆಲಾಳದಂತೆ ಕಾಣುವ ಗ್ರೀಕ್ ಅಕ್ಷರ ಈ ಓಮ್‌ನ ಗುರುತು.