ಮಾತು ಕಡಿಮೆ ಎಂದರೆ ಪ್ರೀತಿಯೂ ಕಡಿಮೆಯೇ? ವಿಜ್ಞಾನಿ ಡಿರಾಕ್ ಅವರ ದಾಂಪತ್ಯ ಹೇಳುವುದೇನು?

ಆಟಿಸಂ (ಸ್ವಲೀನತೆ) ಇರುವವರಿಗೆ ಭಾವನೆಗಳೇ ಇರುವುದಿಲ್ಲ, ಅವರು ಯಾರನ್ನೂ ಪ್ರೀತಿಸಲಾರರು ಎಂಬ ಮಾತನ್ನು ನೀವೂ ಕೇಳಿರಬಹುದು. ಇನ್ನು ಕೆಲವರು, ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಎರಡೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು ನಾವು ಇವತ್ತು ಒಬ್ಬ ದೊಡ್ಡ ವಿಜ್ಞಾನಿಯ ಬದುಕನ್ನು ನೋಡೋಣ. ಅವರ ಹೆಸರು ಪಾಲ್ ಡಿರಾಕ್.

ಮೊದಲೇ ಒಂದು ಸ್ಪಷ್ಟನೆ. ಡಿರಾಕ್ ಅವರಿಗೆ ಆಟಿಸಂ ಇತ್ತು ಎಂಬುದು ವೈದ್ಯರು ಪರೀಕ್ಷೆ ಮಾಡಿ ಹೇಳಿದ ಮಾತಲ್ಲ. ಮಕ್ಕಳಲ್ಲಿನ ಆಟಿಸಂ ಬಗ್ಗೆ ಲಿಯೋ ಕ್ಯಾನರ್ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದ್ದೇ 1943ರಲ್ಲಿ. ಆಗ ಡಿರಾಕ್ ಅವರಿಗೆ ನಲವತ್ತರ ಆಸುಪಾಸು. ಅವರ ಜೀವನಚರಿತ್ರೆ ಬರೆದ ಗ್ರಹಾಂ ಫಾರ್ಮೆಲೋ 2009ರಲ್ಲಿ, ಡಿರಾಕ್ ಅವರ ನಡವಳಿಕೆ ಆಟಿಸಂಗೆ ಹೊಂದುತ್ತದೆ ಎಂದು ವಾದಿಸಿದರು. ಇದು ಬಲವಾದ ಊಹೆ. ಊಹೆ ಎಂದೇ ನಾವು ಇದನ್ನು ಓದಬೇಕು.

ಮೌನದ ಹುಡುಗ

ಡಿರಾಕ್ ಹುಟ್ಟಿದ್ದು 1902ರ ಆಗಸ್ಟ್ 8ರಂದು, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ಬಂದ ಫ್ರೆಂಚ್ ಶಿಕ್ಷಕ. ಮಗ ತಮ್ಮೊಂದಿಗೆ ಫ್ರೆಂಚ್‌ನಲ್ಲೇ ಮಾತನಾಡಬೇಕೆಂಬುದು ಅವರ ಕಟ್ಟುನಿಟ್ಟು. ಹೇಳಬೇಕಾದದ್ದು ಫ್ರೆಂಚ್‌ನಲ್ಲಿ ಬಾರದೇ ಹೋದಾಗ ಹುಡುಗ ಸುಮ್ಮನಾಗಿಬಿಡುತ್ತಿದ್ದ. ತಮ್ಮ ಮೌನಕ್ಕೆ ಇದೇ ಕಾರಣ ಎಂದು ಡಿರಾಕ್ ಮುಂದೆ ಹೇಳಿಕೊಂಡಿದ್ದರು. ಆದರೆ ಒಂದು ವಿಷಯ ನೆನಪಿರಲಿ: ಆಟಿಸಂ ಹುಟ್ಟಿನಿಂದಲೇ ಬರುವ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. ತಂದೆ ತಾಯಿ ಬೆಳೆಸಿದ ರೀತಿಯಿಂದ ಅದು ಬರುವುದಿಲ್ಲ.

1925ರಲ್ಲಿ ಅಣ್ಣ ಫೆಲಿಕ್ಸ್ ಆತ್ಮಹತ್ಯೆ ಮಾಡಿಕೊಂಡರು. ಆ ನೋವನ್ನು ಡಿರಾಕ್ ಯಾರೊಂದಿಗೂ ಸುಲಭವಾಗಿ ಹಂಚಿಕೊಳ್ಳಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಅವರು ಎಷ್ಟು ಕಡಿಮೆ ಮಾತನಾಡುತ್ತಿದ್ದರೆಂದರೆ, ಗಂಟೆಗೆ ಒಂದು ಪದ ಆಡಿದರೆ ಅದು ಒಂದು ಡಿರಾಕ್ ಎಂದು ಗೆಳೆಯರು ತಮಾಷೆಗೆ ಅಳತೆಯನ್ನೇ ಮಾಡಿದ್ದರು.

ಕೆಲಸ ಮಾತ್ರ ಜಗತ್ತನ್ನೇ ಬೆರಗಾಗಿಸಿತು. 1928ರಲ್ಲಿ ಅವರು ಎಲೆಕ್ಟ್ರಾನ್ ಬಗ್ಗೆ ಬರೆದ ಸಮೀಕರಣದಿಂದ, ಎಲೆಕ್ಟ್ರಾನಿನಂತೆಯೇ ಇದ್ದು ವಿರುದ್ಧ ವಿದ್ಯುದಾವೇಶ ಹೊಂದಿದ ಕಣವೊಂದು ಇರಬೇಕು ಎಂಬ ಸುಳಿವು ಸಿಕ್ಕಿತು. 1932ರಲ್ಲಿ ಆ ಕಣ ಪತ್ತೆಯೂ ಆಯಿತು. ಅದೇ ಪಾಸಿಟ್ರಾನ್. ಇಂದು ಆಸ್ಪತ್ರೆಗಳಲ್ಲಿ ಮಾಡುವ ಪೆಟ್ ಸ್ಕ್ಯಾನ್ ಇದೇ ಕಣದ ಆಧಾರದ ಮೇಲೆ ನಡೆಯುತ್ತದೆ. 1933ರಲ್ಲಿ, 31ನೇ ವಯಸ್ಸಿಗೆ, ಶ್ರೋಡಿಂಗರ್ ಅವರೊಂದಿಗೆ ಡಿರಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಪ್ರೇಮಪತ್ರಕ್ಕೆ ಕೋಷ್ಟಕದ ಉತ್ತರ

1934ರಲ್ಲಿ ಡಿರಾಕ್ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋಗಿದ್ದರು. ಅಲ್ಲಿನ ಒಂದು ರೆಸ್ಟೋರೆಂಟಿಗೆ ಊಟಕ್ಕೆ ಒಬ್ಬರೇ ಬಂದಾಗ, ಭೌತವಿಜ್ಞಾನಿ ಯೂಜೀನ್ ವಿಗ್ನರ್ ತಮ್ಮ ತಂಗಿಯೊಂದಿಗೆ ಕುಳಿತಿದ್ದರು. ತಂಗಿ ಮಾರ್ಗಿಟ್. ಮನೆಯವರು ಕರೆಯುತ್ತಿದ್ದದ್ದು ಮಾಂಚಿ ಎಂದು. ಹಂಗೇರಿಯ ಬುಡಾಪೆಸ್ಟ್‌ನವರು, ವಿಚ್ಛೇದನ ಪಡೆದವರು, ಇಬ್ಬರು ಮಕ್ಕಳ ತಾಯಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯ್ತುಂಬ ಮಾತನಾಡುವ ಸ್ವಭಾವ. ಒಂಟಿಯಾಗಿ ನಿಂತಿದ್ದ ಆ ಮನುಷ್ಯನನ್ನು ಊಟಕ್ಕೆ ಜೊತೆಗೆ ಕರೆಯಲು ಅಣ್ಣನಿಗೆ ಹೇಳಿದ್ದೂ ಅವರೇ.

ಮಾಂಚಿ ಊರಿಗೆ ಮರಳಿದ ಮೇಲೆ ಇಬ್ಬರ ನಡುವೆ ಪತ್ರ ವ್ಯವಹಾರ ಶುರುವಾಯಿತು. ಮಾಂಚಿ ಪುಟಗಟ್ಟಲೆ ಬರೆಯುತ್ತಿದ್ದರು. ಡಿರಾಕ್ ಬರೆಯುತ್ತಿದ್ದದ್ದು ಒಣ ಸುದ್ದಿ. ತನ್ನ ಪ್ರಶ್ನೆಗಳಿಗೆ ಉತ್ತರವೇ ಬರುವುದಿಲ್ಲ ಎಂದು ಮಾಂಚಿ ದೂರಿದರು. ಆಗ ಡಿರಾಕ್ ಆಕೆಯ ಹಳೆಯ ಪತ್ರಗಳನ್ನೆಲ್ಲ ಮತ್ತೆ ತೆಗೆದು ಓದಿ ಒಂದು ಕೋಷ್ಟಕ ಮಾಡಿದರು. ಒಂದು ಸಾಲಿನಲ್ಲಿ ಪತ್ರದ ಸಂಖ್ಯೆ, ಪಕ್ಕದಲ್ಲಿ ಆಕೆ ಕೇಳಿದ ಪ್ರಶ್ನೆ, ಅದರ ಪಕ್ಕದಲ್ಲಿ ತಮ್ಮ ಉತ್ತರ.

ಇದನ್ನು ಓದಿದರೆ ನಮಗೆ ನಗು ಬರುತ್ತದೆ. ಪ್ರೀತಿಯಲ್ಲಿ ಕೇಳುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಬೇಕಿರುವುದಿಲ್ಲ, ಒಂದು ಸಮಾಧಾನದ ಮಾತು ಬೇಕಿರುತ್ತದೆ. ಅದು ಡಿರಾಕ್ ಅವರಿಗೆ ಹೊಳೆಯಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ಆ ಕಾಲದ ಅತ್ಯಂತ ಬುದ್ಧಿವಂತರಲ್ಲಿ ಒಬ್ಬರು ಒಬ್ಬ ಹೆಣ್ಣುಮಗಳ ಪತ್ರಗಳನ್ನು ಜೋಪಾನವಾಗಿ ಇಟ್ಟು, ಸಾಲು ಸಾಲಾಗಿ ಓದಿ, ಒಂದೊಂದಕ್ಕೂ ಸುಳ್ಳಿಲ್ಲದ ಉತ್ತರ ಬರೆದಿದ್ದಾರೆ. ಕಾಳಜಿ ಇಲ್ಲದವರು ಇಷ್ಟು ಕಷ್ಟ ಪಡುತ್ತಾರೆಯೇ?

ಮದುವೆಯ ನಂತರ

1937ರ ಜನವರಿ 2ರಂದು ಲಂಡನ್ನಿನಲ್ಲಿ ಮದುವೆಯಾಯಿತು. ಮಾಂಚಿಯ ಇಬ್ಬರು ಮಕ್ಕಳೂ ಡಿರಾಕ್ ಹೆಸರನ್ನೇ ಪಡೆದರು. ಅವರಲ್ಲಿ ಗೇಬ್ರಿಯಲ್ ಮುಂದೆ ಹೆಸರಾಂತ ಗಣಿತಜ್ಞರಾದರು. ದಂಪತಿಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

ಮದುವೆಯಾದ ಕೆಲವೇ ವಾರಗಳಲ್ಲಿ, ಮಾಂಚಿ ದೂರದಲ್ಲಿದ್ದಾಗ, ಡಿರಾಕ್ ಆಕೆಗೆ ಒಂದು ಪತ್ರ ಬರೆದರು. ನೀನು ಬಂದು ನನ್ನನ್ನು ಮನುಷ್ಯನನ್ನಾಗಿ ಮಾಡಿದೆ, ಇನ್ನು ಕೆಲಸದಲ್ಲಿ ಯಶಸ್ಸು ಸಿಗದಿದ್ದರೂ ನಿನ್ನ ಜೊತೆ ಸುಖವಾಗಿ ಬದುಕಬಲ್ಲೆ ಎಂಬುದು ಅದರ ಸಾರ. ಕೋಷ್ಟಕ ಕಳಿಸಿದ್ದ ಮನುಷ್ಯನೇ ಇದನ್ನೂ ಬರೆದದ್ದು.

ಸಂಸಾರವೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಮಾಂಚಿಗೆ ಕೇಂಬ್ರಿಡ್ಜ್ ಹಿಡಿಸಲಿಲ್ಲ. ಗಂಡನ ಮೌನ ಆಕೆಯನ್ನು ಕಾಡುತ್ತಿತ್ತು, ಜಗಳಗಳೂ ಆದವು. ಮದುವೆಯಿಂದ ಡಿರಾಕ್ ಅವರ ಸ್ವಭಾವ ಬದಲಾಗಲೂ ಇಲ್ಲ. ಕೊನೆಯವರೆಗೂ ಅವರು ಮಿತಭಾಷಿಯೇ. ಆದರೂ 1984ರ ಅಕ್ಟೋಬರ್ 20ರಂದು ಅಮೆರಿಕದ ಫ್ಲೋರಿಡಾದಲ್ಲಿ ಅವರು ತೀರಿಕೊಳ್ಳುವವರೆಗೆ, 47 ವರ್ಷ, ಆ ದಾಂಪತ್ಯ ಉಳಿಯಿತು. ಮಾಂಚಿ ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದರು. ಡಿರಾಕ್ ತಮಗೆ ತಿಳಿದ ರೀತಿಯಲ್ಲಿ ಉತ್ತರ ಕೊಟ್ಟರು.

ವಿಜ್ಞಾನ ಏನು ಹೇಳುತ್ತದೆ?

ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮುಖ್ಯ ಮಾತು ಹೇಳಿದರು. ಆಟಿಸಂ ಇರುವವರಿಗೆ ಉಳಿದವರ ಮನಸ್ಸು ತಿಳಿಯುವುದು ಎಷ್ಟು ಕಷ್ಟವೋ, ಉಳಿದವರಿಗೆ ಅವರ ಮನಸ್ಸು ತಿಳಿಯುವುದೂ ಅಷ್ಟೇ ಕಷ್ಟ. ತೊಂದರೆ ಇಬ್ಬರ ನಡುವೆ ಇದೆ, ಒಬ್ಬರ ಒಳಗೆ ಮಾತ್ರ ಇಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರು ಒಬ್ಬರಿಂದೊಬ್ಬರಿಗೆ ಕಥೆ ದಾಟಿಸಿದರು. ಬರೀ ಆಟಿಸಂ ಇರುವವರ ಗುಂಪು ಉಳಿದವರ ಗುಂಪಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಹೆಚ್ಚು ವಿವರಗಳು ಕಳೆದುಹೋದದ್ದು ಇಬ್ಬರೂ ಬೆರೆತ ಗುಂಪಿನಲ್ಲಿ.

ಹಾಗಾಗಿ ಸಂಗಾತಿಗಳಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ, ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಮುನಿಸಿಕೊಂಡು ಕೂರುವುದಕ್ಕಿಂತ ನೇರವಾಗಿ ಹೇಳುವುದು ಒಳ್ಳೆಯದು. ನನಗೆ ಈಗ ಸಲಹೆ ಬೇಡ, ಪಕ್ಕದಲ್ಲಿ ಕೂತರೆ ಸಾಕು ಎಂದರೆ ಅವರಿಗೂ ದಾರಿ ಸಿಗುತ್ತದೆ. ಕೆಲವರಿಗೆ ಸ್ಪರ್ಶ, ಶಬ್ದ, ಗದ್ದಲ ಹಿಂಸೆಯಾಗುತ್ತದೆ. ಅಂಥವರು ಸ್ವಲ್ಪ ಹೊತ್ತು ಒಂಟಿಯಾಗಿದ್ದರೆ ಪ್ರೀತಿ ಬತ್ತಿತು ಎಂದುಕೊಳ್ಳಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಇದನ್ನು ಓದಿ ಮಾತು ಕಡಿಮೆ ಇರುವ ಗಂಡನಿಗೋ ಹೆಂಡತಿಗೋ ಆಟಿಸಂ ಇದೆ ಎಂದು ತೀರ್ಮಾನಿಸಬೇಡಿ. ಅದನ್ನು ತಜ್ಞರೇ ಹೇಳಬೇಕು. ಹೊಡೆತ, ಬೈಗುಳ, ಅವಮಾನಗಳನ್ನು ಆಟಿಸಂ ಹೆಸರಿನಲ್ಲಿ ಸಹಿಸಿಕೊಳ್ಳಲೂ ಬೇಡಿ. ಮದುವೆ ಆಟಿಸಂಗೆ ಔಷಧಿಯೂ ಅಲ್ಲ. ವಿಷಯ ಮುಚ್ಚಿಟ್ಟು ಮದುವೆ ಮಾಡಿದರೆ ಇಬ್ಬರಿಗೂ ಅನ್ಯಾಯ. ಆದರೆ ಆಟಿಸಂ ಇರುವವರಿಗೆ ಪ್ರೀತಿಸಲು ಬರುವುದಿಲ್ಲ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಕೋಷ್ಟಕ ಬರೆದ ಈ ವಿಜ್ಞಾನಿಯ ಕಥೆಯನ್ನು ಅಲ್ಲಿ ಹಂಚಿಕೊಳ್ಳಿ.